ಮನಸ್ಸಿಗೆ ತಕ್ಕಡಿ ಹಿಡಿದ ಗಿರೀಂದ್ರಶೇಖರ ಬೋಸ್

ಕನ್ನಡ ಸಾಹಿತ್ಯ ಓದುವ ನಮಗೆ ಫ್ರಾಯ್ಡ್ ಹೊಸ ಹೆಸರೇನಲ್ಲ. ನವ್ಯ ಸಾಹಿತ್ಯದ ನೋಟ್ಸು ಬಿಚ್ಚಿದರೆ ಎರಡನೇ ಪುಟದಲ್ಲೇ ಸಿಗುತ್ತಾರೆ. ಸುಪ್ತ ಮನಸ್ಸು, ದಮನ, ಈಡಿಪಸ್ ಗ್ರಂಥಿ - ಈ ಮೂರು ಮಾತು ಗೊತ್ತಿದ್ದರೆ ಪರೀಕ್ಷೆಯಲ್ಲಿ ಯಾವ ಕಾದಂಬರಿ ಬಂದರೂ ಒಂದು ಪುಟ ತುಂಬಿಸಬಹುದು ಎಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. ಆದರೆ ಅದೇ ಫ್ರಾಯ್ಡರನ್ನು ಓದಿ, ಮೆಚ್ಚಿ, ಅವರ ಶಾಸ್ತ್ರವನ್ನು ಭಾರತಕ್ಕೆ ತಂದು, ಆಮೇಲೆ ತಮ್ಮ ರೋಗಿಗಳ ಮಾತನ್ನು ಮುಂದಿಟ್ಟುಕೊಂಡು, ನೀವು ಹೇಳಿದ್ದು ನಮ್ಮಲ್ಲಿ ಹಾಗೇ ಕಾಣುತ್ತಿಲ್ಲ ಎಂದು ವಿಯೆನ್ನಾಕ್ಕೆ ಕಾಗದ ಬರೆದ ಭಾರತೀಯ ವೈದ್ಯರೊಬ್ಬರಿದ್ದರು. ಅವರು ಕಲ್ಕತ್ತೆಯ ಡಾ. ಗಿರೀಂದ್ರಶೇಖರ ಬೋಸ್. ಬಂಗಾಳದಲ್ಲಿ ದೊಡ್ಡ ಹೆಸರು. ಅವರು ತೀರಿಕೊಂಡು 70 ವರ್ಷಗಳ ಮೇಲಾಯಿತು.

ನಾನಿರುವುದು ಹೈದರಾಬಾದಿನ ಬೇಗಂ ಬಜಾರಿನಲ್ಲಿ. ಕಿರಾಣಿ, ಒಣಹಣ್ಣು, ಹಿತ್ತಾಳೆ ಪಾತ್ರೆಗಳ ಸಗಟು ಪೇಟೆ ಇದು. ಬೆಳಗಿನಿಂದ ರಾತ್ರಿತನಕ ತೂಕ, ಲೆಕ್ಕ, ಹಮಾಲರ ಕೂಗು. ಇಂಥಾ ಕಡೆ ಕೂತುಕೊಂಡು ಕಲ್ಕತ್ತೆಯ ಮನಸ್ಸಿನ ಡಾಕ್ಟರ ಬಗ್ಗೆ ಯಾಕೆ ಬರೀತೀ ಅಂತ ಗೆಳೆಯರು ಕೇಳಿದರು. ಬೋಸರ ವಿಚಾರ ನನಗೆ ಅರ್ಥವಾದದ್ದು ಪುಸ್ತಕದಿಂದ ಅರ್ಧ, ಈ ಪೇಟೆಯಿಂದ ಅರ್ಧ. ಅದು ಹೇಗೆಂಬುದು ಮುಂದೆ ಬರುತ್ತದೆ. ಮೊದಲು ಅವರ ಬದುಕನ್ನು ನೋಡೋಣ.

ಗಿರೀಂದ್ರಶೇಖರರು ಹುಟ್ಟಿದ್ದು 1887ರ ಜನವರಿ 30ರಂದು. ತಂದೆ ಚಂದ್ರಶೇಖರ ಬೋಸ್ ಬಿಹಾರದ ದರ್ಭಂಗಾ ಸಂಸ್ಥಾನದಲ್ಲಿ ದೊಡ್ಡ ಅಧಿಕಾರದಲ್ಲಿದ್ದವರು, ವೇದಾಂತದಲ್ಲಿ ಆಸಕ್ತಿಯಿದ್ದವರು. ಮಕ್ಕಳಲ್ಲಿ ಗಿರೀಂದ್ರಶೇಖರರೇ ಕೊನೆಯವರು. ಮನೆಯಲ್ಲಿ ಪುರಾಣ, ಗೀತೆ, ತತ್ತ್ವದ ಮಾತು ಸದಾ ಇತ್ತು. ಇತ್ತ ಹುಡುಗರು ಓದಿದ್ದು ಹೊಸಗಾಲದ ವಿಜ್ಞಾನ. ಈ ಎರಡು ನೀರು ಅವರ ಬದುಕಿನಲ್ಲಿ ಕೊನೆಯವರೆಗೂ ಕೂಡಿಯೇ ಹರಿದವು.

ಅವರ ಅಣ್ಣ ರಾಜಶೇಖರ ಬೋಸ್ ವೃತ್ತಿಯಿಂದ ರಸಾಯನ ವಿಜ್ಞಾನಿ. ಬಂಗಾಳಿ ಸಾಹಿತ್ಯ ಬಲ್ಲವರಿಗೆ ಅವರು ಪರಶುರಾಮ ಎಂಬ ಹೆಸರಿನ ಹಾಸ್ಯಲೇಖಕ. ಚಲಂತಿಕಾ ಎಂಬ ಬಂಗಾಳಿ ನಿಘಂಟು ಮಾಡಿದವರೂ ಅವರೇ. ಅಣ್ಣ ಜನರ ನಡವಳಿಕೆಯ ಡೊಂಕನ್ನು ನೋಡಿ ನಗಿಸಿದರು, ತಮ್ಮ ಅದೇ ಡೊಂಕಿನ ಬೇರು ಎಲ್ಲಿದೆ ಅಂತ ಹುಡುಕಿದರು. ನಮ್ಮ ಕನ್ನಡದಲ್ಲಿ ಈ ಎರಡೂ ಕೆಲಸವನ್ನು ಒಬ್ಬರೇ ಮಾಡಿದ್ದುಂಟು. 1942ರಲ್ಲಿ ಕೊರವಂಜಿ ಹಾಸ್ಯಪತ್ರಿಕೆ ಆರಂಭಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೈದ್ಯರು. ಮನಸ್ಸಿನ ವಿಚಾರವಾಗಿ ಅವರು ಬರೆದ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗುವಿಗೂ ಮನಸ್ಸಿನ ಕಾಯಿಲೆಗೂ ಏನೋ ಒಂದು ನಂಟು ಇದ್ದಂಗೆ ಕಾಣುತ್ತದೆ. ಎರಡರಲ್ಲೂ ನಾವು ಮುಚ್ಚಿಟ್ಟದ್ದು ಹೊರಗೆ ಬೀಳುತ್ತದೆ.

ಗಿರೀಂದ್ರಶೇಖರರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿಜ್ಞಾನ ಓದಿ, 1910ರಲ್ಲಿ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. ಮೊದಲಿನಿಂದಲೂ ಅವರಿಗೆ ಜಾದೂ, ಸಂಮೋಹನ ವಿದ್ಯೆ ಎಂದರೆ ಹುಚ್ಚು. ವೈದ್ಯರಾದ ಮೇಲೆ ಅದನ್ನೇ ಚಿಕಿತ್ಸೆಗೂ ಬಳಸಿದರು. ಮೈಯಲ್ಲಿ ರೋಗವಿಲ್ಲ, ಆದರೂ ಕೈ ಎತ್ತಲಾರೆ, ನಿದ್ದೆಯಿಲ್ಲ, ಕಾರಣವಿಲ್ಲದ ಹೆದರಿಕೆ - ಹೀಗೆ ಬರುವವರಿಗೆ ಔಷಧದ ಸೀಸೆ ಸಾಲದು ಅಂತ ಅವರಿಗೆ ಬೇಗ ಹೊಳೆಯಿತು. ಆ ಹೊತ್ತಿಗೇ ಫ್ರಾಯ್ಡರ ಹೆಸರು ಇಂಗ್ಲಿಷ್ ಬರವಣಿಗೆಗಳ ಮೂಲಕ ಕಲ್ಕತ್ತೆಗೂ ಬಂದಿತ್ತು. ವಿಯೆನ್ನಾದ ಆ ವೈದ್ಯರು ಸಂಮೋಹನವನ್ನು ಬಿಟ್ಟು, ರೋಗಿ ತನಗೆ ತೋಚಿದ್ದನ್ನು ತೋಚಿದಂತೆ ಮಾತಾಡಲಿ ಎಂಬ ದಾರಿ ಹಿಡಿದಿದ್ದರು. ಬೋಸರು ತಮ್ಮ ರೋಗಿಗಳ ನಡುವೆ ತಾವಾಗಿ ಕಂಡುಕೊಳ್ಳುತ್ತಿದ್ದುದಕ್ಕೆ ಅಲ್ಲಿ ಒಂದು ಹೆಸರೂ ಕ್ರಮವೂ ಸಿಕ್ಕಿತು.

ಮನೋವಿಶ್ಲೇಷಣೆ ಎಂದರೇನು ಅಂತ ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು. ನಮಗೆ ನಮ್ಮ ಮನಸ್ಸು ಪೂರ್ತಿ ಗೊತ್ತಿಲ್ಲ ಎಂಬುದು ಅದರ ಮೂಲ ಮಾತು. ಬೇಕು ಅನ್ನಿಸಿದ್ದು ಕೆಲವೊಮ್ಮೆ ನಾಚಿಕೆ ತರುತ್ತದೆ, ಹೆದರಿಕೆ ತರುತ್ತದೆ. ಆಗ ಮನಸ್ಸು ಅದನ್ನು ಒಳಕ್ಕೆ ತಳ್ಳುತ್ತದೆ. ಇದು ದಮನ. ತಳ್ಳಿದ್ದು ಸಾಯುವುದಿಲ್ಲ. ಕನಸಾಗಿ, ಬಾಯಿತಪ್ಪಿದ ಮಾತಾಗಿ, ರೋಗದ ಲಕ್ಷಣವಾಗಿ ವೇಷ ಹಾಕಿಕೊಂಡು ತಿರುಗಿ ಬರುತ್ತದೆ. ವೈದ್ಯರ ಕೆಲಸ ಆ ವೇಷವನ್ನು ರೋಗಿಯೇ ಗುರುತಿಸುವಂತೆ ಮಾಡುವುದು. ಮಾತ್ರೆಯಿಲ್ಲ, ಉಪದೇಶವಿಲ್ಲ. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಕೇಳಬೇಕು, ಅದೂ ತಿಂಗಳುಗಟ್ಟಲೆ. ಬೋಸರ ಹತ್ತಿರ ರೋಗಿಗಳು ಒರಗು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಮಾತಾಡುತ್ತಿದ್ದರು.

ಅದೇ ಕಾಲಕ್ಕೆ, 1916ರ ಸುಮಾರಿಗೆ, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಹುಟ್ಟಿತು. ಹೆಸರು ಮಾಡಿದ ಡಾಕ್ಟರಾಗಿದ್ದ ಬೋಸರು ಮತ್ತೆ ವಿದ್ಯಾರ್ಥಿಯಾಗಿ ಹೋಗಿ 1917ರಲ್ಲಿ ಎಂ.ಎಸ್ಸಿ. ಮುಗಿಸಿದರು. ಅಲ್ಲೇ ಪಾಠ ಹೇಳಲು ನಿಂತರು. 1921ರಲ್ಲಿ ದಮನದ ಪರಿಕಲ್ಪನೆಯ ಮೇಲೆ ಬರೆದ ಪ್ರಬಂಧಕ್ಕೆ ಡಿ.ಎಸ್ಸಿ. ಪದವಿ ಬಂತು. ಅದು ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಸಿಕ್ಕ ಮೊದಲ ಡಾಕ್ಟರೇಟ್ ಎನ್ನುತ್ತಾರೆ. ಆ ಪುಸ್ತಕದ ಒಂದು ಪ್ರತಿಯನ್ನು ಅವರು ಫ್ರಾಯ್ಡರಿಗೆ ಕಳಿಸಿದರು. ಪರಿಚಯವಿಲ್ಲ, ಶಿಫಾರಸಿಲ್ಲ. ಸುಮ್ಮನೆ ಅಂಚೆಗೆ ಹಾಕಿದ್ದು. ದೂರದ ನಾಡಿನಲ್ಲಿ ತನ್ನ ವಿಚಾರಕ್ಕೆ ಇಷ್ಟು ಆಸಕ್ತಿ ಹುಟ್ಟಿದ್ದು ಕಂಡು ಫ್ರಾಯ್ಡರಿಗೆ ಆಶ್ಚರ್ಯವೂ ಸಂತೋಷವೂ ಆಯಿತು. ಉತ್ತರ ಬಂತು. ಅಲ್ಲಿಂದ 1937ರವರೆಗೆ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಆದರೆ ಒಮ್ಮೆಯೂ ಭೇಟಿಯಾಗಲಿಲ್ಲ.

1922ರಲ್ಲಿ ಬೋಸರು ಕಲ್ಕತ್ತೆಯ ಪಾರ್ಸಿ ಬಾಗಾನ್ ಓಣಿಯ 14ನೇ ನಂಬರಿನ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಮೊದಲು ಸೇರಿದವರು 15 ಮಂದಿ. ಹೆಚ್ಚಿನವರು ಕಾಲೇಜುಗಳಲ್ಲಿ ಮನಶ್ಶಾಸ್ತ್ರ, ತತ್ತ್ವಶಾಸ್ತ್ರ ಹೇಳುವ ಮೇಷ್ಟರು. ಉಳಿದವರಲ್ಲಿ ಹೆಚ್ಚಿನವರು ಸೈನ್ಯದ ವೈದ್ಯಕೀಯ ಸೇವೆಯವರು. ಸಂಘಕ್ಕೆ ಅಂತರರಾಷ್ಟ್ರೀಯ ಸಂಘದ ಮಾನ್ಯತೆಯೂ ಸಿಕ್ಕಿತು. ಪ್ಯಾರಿಸ್ಸಿನ ಮನೋವಿಶ್ಲೇಷಣಾ ಸಂಘ ಹುಟ್ಟಿದ್ದು 1926ರಲ್ಲಿ ಅನ್ನುವುದನ್ನು ನೆನೆದರೆ ಕಲ್ಕತ್ತೆ ಎಷ್ಟು ಮುಂದಿತ್ತೆಂದು ತಿಳಿಯುತ್ತದೆ. ಫ್ರಾಯ್ಡರ ಹಾಗೆ ಬೋಸರೂ ಯಾರ ಹತ್ತಿರವೂ ಕೂತು ವಿಶ್ಲೇಷಣೆ ಮಾಡಿಸಿಕೊಂಡವರಲ್ಲ. ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು.

ಆ ಮನೆಯಲ್ಲಿ ಶಾಸ್ತ್ರದ ಸಭೆಯಷ್ಟೇ ಅಲ್ಲ, ಉತ್ಕೇಂದ್ರ ಸಮಿತಿ ಅನ್ನುವ ಹರಟೆಕಟ್ಟೆಯೂ ನಡೆಯುತ್ತಿತ್ತು. ಅಣ್ಣ ರಾಜಶೇಖರರು, ಅವರ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ ಜತೀಂದ್ರಕುಮಾರ ಸೇನ್, ಇನ್ನೂ ಅನೇಕರು ಅಲ್ಲಿ ಸೇರುತ್ತಿದ್ದರು. ಈ ಜತೀಂದ್ರಕುಮಾರರಿಂದ ಬೋಸರು ಒಂದು ತಮಾಷೆಯ ಕೆಲಸ ಮಾಡಿಸಿದರು. ಫ್ರಾಯ್ಡರ ಫೋಟೋ ಯಾರೂ ನೋಡಿರಲಿಲ್ಲ. ಅವರ ಬರವಣಿಗೆ ಓದಿದರೆ ಮುಖ ಹೀಗಿರಬಹುದು ಅಂತ ಊಹಿಸಿ ಒಂದು ಚಿತ್ರ ಬರೆಸಿ 1922ರಲ್ಲಿ ವಿಯೆನ್ನಾಕ್ಕೆ ಕಳಿಸಿಬಿಟ್ಟರು. ಫ್ರಾಯ್ಡರು ಮೆಚ್ಚಿ ಉತ್ತರ ಬರೆದು, ಆಮೇಲೆ ತಮ್ಮ ನಿಜವಾದ ಫೋಟೋ ಕಳಿಸಿದರು. ತಮ್ಮ ಗೆಳತಿಯೊಬ್ಬರಿಗೆ ಬರೆದ ಪತ್ರದಲ್ಲಿ ಮಾತ್ರ, ಆ ಚಿತ್ರದಲ್ಲಿ ನನ್ನನ್ನು ಪೂರಾ ಇಂಗ್ಲಿಷಿನವನನ್ನಾಗಿ ಮಾಡಿಬಿಟ್ಟಿದ್ದಾರೆ ಎಂದು ನಕ್ಕರು. ನೋಡ್ರಿ, ಬ್ರಿಟಿಷರ ಕೈಕೆಳಗಿದ್ದ ಕಲ್ಕತ್ತೆಯ ಕಲಾವಿದನಿಗೆ ದೊಡ್ಡ ಬಿಳಿಯ ವಿದ್ವಾಂಸ ಅಂದಕೂಡಲೇ ಇಂಗ್ಲಿಷ್ ದೊರೆಯ ಮುಖವೇ ಕಣ್ಣಿಗೆ ಬಂತು. ಮನೋವಿಶ್ಲೇಷಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ದೊರೆಗಳ ಮಾತು ಬಂತಲ್ಲ, ಅದನ್ನೂ ಹೇಳಿಬಿಡಬೇಕು. ಸಂಘದಲ್ಲಿ ಇಬ್ಬರು ಬ್ರಿಟಿಷರಿದ್ದರು. ಒಬ್ಬರು ರಾಂಚಿಯ ಯೂರೋಪಿಯನ್ನರ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಬರ್ಕ್‌ಲಿ-ಹಿಲ್, ಇನ್ನೊಬ್ಬರು ಡೇಲಿ. ಬರ್ಕ್‌ಲಿ-ಹಿಲ್ 1921ರಲ್ಲಿ ಬರೆದ ಲೇಖನದಲ್ಲಿ ಹಿಂದೂಗಳ ಧರ್ಮ, ತತ್ತ್ವ, ಸ್ವಭಾವ ಎಲ್ಲಕ್ಕೂ ಮೂಲ ಮಲವಿಸರ್ಜನೆಗೆ ಸಂಬಂಧಪಟ್ಟ ಬಾಲ್ಯದ ಆಸೆಯಲ್ಲಿದೆ ಎಂದು ತೋರಿಸಹೊರಟರು. ಡೇಲಿ 1930ರಲ್ಲಿ ಕ್ರಾಂತಿಕಾರಿ ಪ್ರವೃತ್ತಿಯ ಮನಶ್ಶಾಸ್ತ್ರ ಬರೆದರು. ಅದರ ಪ್ರಕಾರ ಬಂಗಾಳದ ಯುವಕರು ಬಾಂಬು ಹಿಡಿಯುವುದು ರಾಜಕೀಯಕ್ಕಲ್ಲ, ಮನೋರೋಗದಿಂದ. ಅಂದರೆ ಆಳುವವರ ಕೈಯಲ್ಲಿ ಈ ಶಾಸ್ತ್ರ ಆಳಿಸಿಕೊಳ್ಳುವವರಿಗೆ ಹಚ್ಚುವ ಹಣೆಪಟ್ಟಿಯಾಯಿತು. ನಾನು ಆರೋಗ್ಯವಂತ, ನೀನು ರೋಗಿ; ನಾನು ನೋಡುವವನು, ನೀನು ನೋಡಿಸಿಕೊಳ್ಳುವವನು. ಬೋಸರು ಇವರ ಮೇಲೆ ಬೀದಿಜಗಳಕ್ಕೆ ಹೋಗಲಿಲ್ಲ, ಸಂಘದಿಂದ ಹೊರಗೆ ಹಾಕಲೂ ಇಲ್ಲ. ಆದರೆ ಅವರು ಕಟ್ಟಿದ ಸಿದ್ಧಾಂತವೇ ಇಂಥ ನೋಟಕ್ಕೆ ಉತ್ತರ ಎಂಬುದು ನನ್ನ ಓದು. ಅದು ವಿರುದ್ಧ ಇಚ್ಛೆಗಳ ಸಿದ್ಧಾಂತ.

ಬೋಸರು ಹೇಳುವುದು ಇಷ್ಟು. ಮನಸ್ಸಿನಲ್ಲಿ ಯಾವ ಇಚ್ಛೆಯೂ ಒಂಟಿಯಾಗಿ ಹುಟ್ಟುವುದಿಲ್ಲ, ಜೋಡಿಯಾಗಿ ಹುಟ್ಟುತ್ತದೆ. ಹೊಡೆಯಬೇಕೆಂಬ ಇಚ್ಛೆಯ ಜೊತೆಗೇ ಹೊಡೆಸಿಕೊಳ್ಳಬೇಕೆಂಬ ಇಚ್ಛೆ ಇರುತ್ತದೆ. ಪ್ರೀತಿಸುವ ಇಚ್ಛೆಯ ಜೊತೆಗೆ ಪ್ರೀತಿಸಿಕೊಳ್ಳುವ ಇಚ್ಛೆ. ಒಂದು ಮೇಲೆ ಕಾಣುತ್ತಿದ್ದರೆ ಇನ್ನೊಂದು ಕೆಳಗೆ ಅಡಗಿರುತ್ತದೆ. ದಮನ ಆಗುವುದು ಸಮಾಜದ ಹೆದರಿಕೆಯಿಂದ ಮಾತ್ರ ಅಲ್ಲ. ಈ ಎರಡು ಇಚ್ಛೆಗಳು ಒಟ್ಟಿಗೇ ತೀರುವಂತಿಲ್ಲವಾದ್ದರಿಂದ ಒಂದು ಇನ್ನೊಂದನ್ನು ಅದುಮುತ್ತದೆ. ಇನ್ನೊಂದು ಮಾತನ್ನೂ ಅವರು ಸೇರಿಸುತ್ತಾರೆ. ಎದುರಿಗಿರುವವನು ನನಗೆ ಅರ್ಥವಾಗಬೇಕಾದರೆ ನಾನು ಒಳಗೊಳಗೇ ಅವನ ಜಾಗದಲ್ಲಿ ನಿಲ್ಲಬೇಕು. ನಿಲ್ಲಲಾರದಿದ್ದರೆ ಅವನೂ ಅರ್ಥವಾಗುವುದಿಲ್ಲ, ನಾನೂ ನನಗೆ ಅರ್ಥವಾಗುವುದಿಲ್ಲ.

ಇದನ್ನು ಓದಿದಾಗ ತತ್ತ್ವದ ಮಾತಿನಂತೆ ಕಂಡಿತು. ನಮ್ಮ ಪೇಟೆಯ ಒಬ್ಬ ಸಾಹುಕಾರರನ್ನು ನೋಡಿದ ಮೇಲೆ ಸ್ವಲ್ಪ ಬಿಡಿಸಿಕೊಂಡಿತು. ಅವರು ರಾತ್ರಿ ಅಂಗಡಿ ಮುಚ್ಚಿ ಶಟರಿಗೆ ಬೀಗ ಹಾಕುತ್ತಾರೆ. ಎಳೆದು ನೋಡುತ್ತಾರೆ. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆಯುತ್ತಾರೆ. ಓಣಿಯ ತಿರುವಿನತನಕ ಹೋದವರು ಹಮಾಲ ಹುಡುಗನನ್ನು ಕರೆದು, ಹೋಗಿ ಎಳೆದು ನೋಡಿ ಬಾರೊ ಅಂತಾರೆ. ದುಡ್ಡಿನ ಹುಚ್ಚು ಅಂತ ಪೇಟೆಯ ಜನ ನಗುತ್ತಾರೆ. ಆದರೆ ಅವರು ಬಲು ಧಾರಾಳಿ. ಹಬ್ಬಕ್ಕೆ ಕೈಬಿಚ್ಚಿ ಕೊಡುವವರು, ಉದ್ರಿ ಮುಳುಗಿಸಿದವನನ್ನೂ ಬೈದವರಲ್ಲ. ಒಮ್ಮೆ ಚಹಾ ಕುಡಿಯುವಾಗ ಅವರೇ ಹೇಳಿದರು: ತಂದೆ ತೀರಿದ ಕೂಡಲೇ ಓದು ಬಿಡಿಸಿ ತಮ್ಮನ್ನು ಈ ಗಲ್ಲೆಯ ಮೇಲೆ ಕೂರಿಸಿದರಂತೆ, ಈ ಅಂಗಡಿ ಇಲ್ಲದಿದ್ದರೆ ತಾವು ಎಲ್ಲೆಲ್ಲಿಗೋ ಹೋಗುತ್ತಿದ್ದೆವು ಅಂತ ಈಗಲೂ ಅನ್ನಿಸುತ್ತದಂತೆ. ಬೋಸರ ಕಣ್ಣಿನಿಂದ ನೋಡಿದರೆ ಬೀಗ ಗಟ್ಟಿ ಇರಲಿ ಎಂಬ ಇಚ್ಛೆಯ ಕೆಳಗೆ, ಈ ಅಂಗಡಿ ಹಾಳಾಗಿಹೋಗಲಿ, ನಾನು ಬಿಡುಗಡೆಯಾಗಲಿ ಎಂಬ ಇನ್ನೊಂದು ಇಚ್ಛೆ ಇರಬಹುದು. ಅವರು ಕಾಯುತ್ತಿರುವುದು ಹೊರಗಿನ ಕಳ್ಳನನ್ನಲ್ಲ. ನಾನು ವಿದ್ಯಾರ್ಥಿ, ವೈದ್ಯನಲ್ಲ; ಇದು ಚಿಕಿತ್ಸೆಯ ಮಾತಲ್ಲ, ಅರ್ಥಮಾಡಿಕೊಳ್ಳುವ ಒಂದು ದಾರಿ ಅಷ್ಟೆ. ಆದರೆ ಹೀಗೆ ನೋಡಿದ ಮೇಲೆ ಆ ಬೀಗ ಎಳೆಯುವ ಕೈ ಕಂಡು ನನಗೆ ನಗು ಬರುವುದಿಲ್ಲ.

ಬೋಸರ ಚಿಕಿತ್ಸೆಯ ಕ್ರಮವೂ ಇಲ್ಲಿಂದಲೇ ಹುಟ್ಟಿದ್ದು. ಫ್ರಾಯ್ಡರ ಪದ್ಧತಿಯಲ್ಲಿ ರೋಗಿ ಮಾತಾಡುತ್ತಾ ಹೋಗುತ್ತಾನೆ, ವೈದ್ಯರು ಕಾಯುತ್ತಾರೆ. ಬೋಸರು ಇದರ ಜೊತೆಗೆ ರೋಗಿಗೆ ಒಂದು ಕೆಲಸ ಕೊಡುತ್ತಿದ್ದರು. ನಿನ್ನನ್ನು ಹೊಡೆದವನ ಜಾಗದಲ್ಲಿ ನಿಂತು ನೋಡು, ಈಗ ಹೊಡೆಸಿಕೊಂಡವನ ಜಾಗಕ್ಕೆ ಬಾ ಅಂತ ಕಲ್ಪನೆಯಲ್ಲಿ ಅತ್ತಿಂದಿತ್ತ ಓಡಾಡಿಸುತ್ತಿದ್ದರು. ಮಕ್ಕಳು ಆಡುವ ಏರಿಳಿ ಹಲಗೆಯ ಹಾಗೆ ಒಮ್ಮೆ ಈ ಇಚ್ಛೆ ಮೇಲೆ, ಒಮ್ಮೆ ಆ ಇಚ್ಛೆ ಮೇಲೆ. ಹೀಗೆ ತೂಗಾಡಿ ತೂಗಾಡಿ ಎರಡೂ ಮನಸ್ಸಿನ ಬೆಳಕಿಗೆ ಬಂದಾಗ ಹೊಯ್ದಾಟ ನಿಲ್ಲುತ್ತದೆ, ರೋಗದ ಲಕ್ಷಣಕ್ಕೆ ಕೆಲಸ ಇಲ್ಲದಂತಾಗುತ್ತದೆ ಎಂಬುದು ಅವರ ನಂಬಿಕೆ. ಬೇಗಂ ಬಜಾರಿನಲ್ಲಿ ಈಗ ಹೆಚ್ಚಿನ ಕಡೆ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಅಂಕಿ ತೋರಿಸಿ ಸುಮ್ಮನಾಗುತ್ತದೆ. ಹಳೇ ತಕ್ಕಡಿಯಲ್ಲಿ ತೂಗಿದವರಿಗೆ ಗೊತ್ತು, ಒಂದು ತಟ್ಟೆಯನ್ನು ಮಾತ್ರ ನೋಡಿ ತೂಕ ಹೇಳಲಿಕ್ಕಾಗುವುದಿಲ್ಲ. ಮುಳ್ಳು ನಿಲ್ಲುವತನಕ ಎರಡೂ ತಟ್ಟೆಗಳನ್ನು ಆಡಲು ಬಿಡಬೇಕು. ಬೋಸರು ಮನಸ್ಸಿಗೆ ಹಿಡಿದದ್ದು ಇಂಥ ತಕ್ಕಡಿ.

1929ರಲ್ಲಿ ಬೋಸರು ತಮ್ಮ ಲೇಖನಗಳ ಕಟ್ಟನ್ನು ಫ್ರಾಯ್ಡರಿಗೆ ಕಳಿಸಿ ಭಿನ್ನಾಭಿಪ್ರಾಯವನ್ನು ಮರೆಯಿಲ್ಲದೆ ಬರೆದರು. ಫ್ರಾಯ್ಡರ ಪ್ರಕಾರ ಗಂಡುಮಗು ತಾಯಿಯನ್ನು ಬಯಸುತ್ತದೆ, ತಂದೆ ತನ್ನ ಗಂಡಸುತನವನ್ನೇ ಕತ್ತರಿಸಿಬಿಟ್ಟಾನೆಂಬ ಭಯದಿಂದ ಆ ಬಯಕೆಯನ್ನು ಬಿಡುತ್ತದೆ. ಆ ಭಯವೇ ಮುಂದೆ ಒಳಗಿನ ನ್ಯಾಯಾಧೀಶನಾಗಿ ಕೂರುತ್ತದೆ. ಬೋಸರ ಹತ್ತಿರ ಭಾರತೀಯ ರೋಗಿಗಳೂ ಯೂರೋಪಿನವರೂ ಬರುತ್ತಿದ್ದರು. ಭಾರತೀಯರಲ್ಲಿ ಈ ಕತ್ತರಿಯ ಭಯ ಯೂರೋಪಿನವರಲ್ಲಿ ಕಂಡಷ್ಟು ಎದ್ದು ಕಾಣುತ್ತಿಲ್ಲ ಎಂದು ಅವರು ಬರೆದರು. ಬದಲಿಗೆ ಹೆಣ್ಣಾಗಬೇಕೆಂಬ ಇಚ್ಛೆ ಭಾರತೀಯ ಗಂಡಸರಲ್ಲಿ ಬೇಗ ಮೇಲಕ್ಕೆ ಬರುತ್ತದೆ ಎಂದೂ ಹೇಳಿದರು. ಮಗ ಬಿಡುಗಡೆಯಾಗುವುದು ತಂದೆಗೆ ಹೆದರಿ ಶರಣಾಗುವುದರಿಂದಲ್ಲ, ಆ ಅಧಿಕಾರವನ್ನು ಎದುರಿಸಿ ಗೆಲ್ಲುವುದರಿಂದ ಎಂಬುದು ಅವರ ಇನ್ನೊಂದು ಮಾತು. ಪರರ ಆಳ್ವಿಕೆಯಲ್ಲಿದ್ದ ದೇಶದಲ್ಲಿ ಕೂತು ಈ ಮಾತು ಬರೆದರೆಂಬುದನ್ನು ನಾವು ಮರೆಯಬಾರದು.

ಹೆಣ್ಣಾಗುವ ಇಚ್ಛೆಯ ಮಾತು ಕೇಳಿದರೆ ನಮ್ಮಲ್ಲಿ ಕೆಲವರು ಮುಸಿಮುಸಿ ನಗಬಹುದು. ಆದರೆ ಕನ್ನಡ ಓದುವ ನಾವು ನಗುವ ಹಾಗಿಲ್ಲ. ಶರಣಸತಿ ಲಿಂಗಪತಿ ಭಾವ ನಮ್ಮ ವಚನಗಳಲ್ಲಿ ಅಲ್ಲಿ ಇಲ್ಲಿ ಅಲ್ಲ, ಮುಖ್ಯವಾಗಿಯೇ ಇದೆ. ಹೆಂಡತಿ ಮಕ್ಕಳಿದ್ದ ಶರಣರು, ಭಂಡಾರ ನೋಡಿಕೊಂಡವರು, ಕಾಯಕ ಮಾಡಿದವರು, ಲಿಂಗದ ಮುಂದೆ ತಾವು ಹೆಂಡತಿಯಾಗಿ ನಿಂತರು. ಹರಿದಾಸರೂ ಗೋಪಿಯರ ಬಾಯಿಂದ ಹಾಡಿದರು. ಅದನ್ನು ಯಾರೂ ರೋಗ ಅನ್ನಲಿಲ್ಲ, ಅದು ಸಾಧನೆಯ ಒಂದು ಮೆಟ್ಟಿಲಾಯಿತು. ಬೋಸರು ವಚನಗಳನ್ನು ಕುರಿತು ಬರೆದವರಲ್ಲ. ಈ ಹೋಲಿಕೆ ನನ್ನದು. ಆದರೆ ಗಂಡಿನೊಳಗಿನ ಹೆಣ್ಣನ್ನು ಭಯವೆಂದು ಮಾತ್ರ ಕಾಣುವ ಸಮಾಜಕ್ಕೂ, ಅದಕ್ಕೆ ಭಕ್ತಿಯಲ್ಲಿ ಒಂದು ಮಣೆ ಹಾಕಿಕೊಟ್ಟ ಸಮಾಜಕ್ಕೂ ಮನಸ್ಸು ಬೆಳೆಯುವ ರೀತಿ ಬೇರೆಯಾಗಿರಬಹುದು ಎಂಬ ಬೋಸರ ಮಾತಿಗೆ ನಮ್ಮ ಸಾಹಿತ್ಯದಲ್ಲೇ ಸಾಕ್ಷಿ ಸಿಗುತ್ತದೆ. ಈ ದಿಕ್ಕಿನಲ್ಲಿ ನಮ್ಮವರೇ ಯಾರಾದರೂ ಕೂತು ಕೆಲಸ ಮಾಡಬೇಕು.

ಫ್ರಾಯ್ಡರು ಏನಂದರು? ವಿರುದ್ಧ ಇಚ್ಛೆಗಳ ವಿಷಯಕ್ಕೆ ತಾವು ಸಾಕಷ್ಟು ಗಮನ ಕೊಟ್ಟಿರಲಿಲ್ಲ ಎಂದು ಸೌಜನ್ಯದಿಂದ ಒಪ್ಪಿಕೊಂಡರು. ಸಿದ್ಧಾಂತವನ್ನು ಮಾತ್ರ ಒಪ್ಪಲಿಲ್ಲ. ಎರಡು ಇಚ್ಛೆಗಳನ್ನು ಅಕ್ಕಪಕ್ಕ ಇಟ್ಟರೆ ಚಿತ್ರ ಚಪ್ಪಟೆಯಾಗುತ್ತದೆ, ಮನಸ್ಸಿನ ಆಳ ಅದರಲ್ಲಿ ಕಾಣುವುದಿಲ್ಲ ಎಂಬುದು ಅವರ ಆಕ್ಷೇಪಣೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಪ್ರತಿಯೊಂದು ಇಚ್ಛೆಗೂ ಕಡ್ಡಾಯವಾಗಿ ಒಂದು ಜೋಡಿ ಹುಡುಕುತ್ತ ಹೋದರೆ, ಅದೂ ಈಡಿಪಸ್ಸಿನ ಹಾಗೆ ಎಲ್ಲಕ್ಕೂ ಅಂಟಿಸುವ ಇನ್ನೊಂದು ಚೀಟಿಯಾದೀತು. ಆದರೂ ಇಬ್ಬರೂ ಮುನಿಸಿಕೊಳ್ಳಲಿಲ್ಲ. ಫ್ರಾಯ್ಡರೊಡನೆ ಭೇದ ಬಂದು ದೂರವಾದ ಯೂಂಗ್, ಆಡ್ಲರ್ ಅವರ ಕತೆ ನಮಗೆ ಗೊತ್ತು. ಬೋಸರು ಭೇದವನ್ನೂ ಇಟ್ಟುಕೊಂಡರು, ಸ್ನೇಹವನ್ನೂ ಇಟ್ಟುಕೊಂಡರು.

1931ರಲ್ಲಿ ಫ್ರಾಯ್ಡರಿಗೆ 75 ವರ್ಷ ತುಂಬಿತು. ಕಲ್ಕತ್ತೆಯ ಸಂಘ ದಂತದಲ್ಲಿ ಕೆತ್ತಿಸಿದ ವಿಷ್ಣುವಿನ ಒಂದು ಮೂರ್ತಿಯನ್ನು ಸಂಸ್ಕೃತ ಶ್ಲೋಕದ ಜೊತೆಗೆ ವಿಯೆನ್ನಾಕ್ಕೆ ಕಳಿಸಿತು. ಫ್ರಾಯ್ಡರು ದೇವರನ್ನು ನಂಬಿದವರಲ್ಲ. ಆದರೂ ಆ ಮೂರ್ತಿಯನ್ನು ಮೇಜಿನ ಮೇಲೇ ಇಟ್ಟುಕೊಂಡರು. ಅದರಲ್ಲಿ ಬಿರುಕು ಕಾಣಿಸಿಕೊಂಡಾಗ, ಈ ದೇವರಿಗೆ ವಿಯೆನ್ನಾದ ಹವೆ ಒಗ್ಗಲಿಲ್ಲವೇನೋ ಎಂಬರ್ಥದ ಒಂದು ಸಾಲನ್ನು ದಿನಚರಿಯಲ್ಲಿ ಬರೆದರು. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅವರು ಲಂಡನ್ನಿಗೆ ಹೋದಾಗ ವಿಷ್ಣುವೂ ಹೋದ. 1939ರಲ್ಲಿ ಫ್ರಾಯ್ಡರು ಅಲ್ಲೇ ತೀರಿಕೊಂಡರು. ಅವರ ಆ ಮನೆ ಈಗ ವಸ್ತುಸಂಗ್ರಹಾಲಯ, ಮೂರ್ತಿ ಅಲ್ಲಿದೆ. ಹವೆ ಒಗ್ಗದ ಮಾತು ನನಗೆ ಸಿದ್ಧಾಂತಗಳಿಗೂ ಸಲ್ಲುವಂತೆ ಕಾಣುತ್ತದೆ. ಇಲ್ಲಿಂದ ಅಲ್ಲಿಗೆ ಹೋದ ದೇವರು ಬಿರುಕುಬಿಟ್ಟ; ಅಲ್ಲಿಂದ ಇಲ್ಲಿಗೆ ಬಂದ ಶಾಸ್ತ್ರದ ಬಿರುಕನ್ನು ಬೋಸರು ಕಂಡರು.

ಬೋಸರ ಬದುಕು ಬರೀ ಕಾಗದ ಪತ್ರದ್ದಲ್ಲ. 1933ರ ಮೇ 1ರಂದು ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ಹೊರರೋಗಿ ವಿಭಾಗ ತೆರೆಸಿದರು. ಇಂದು ಅದು ಆರ್.ಜಿ. ಕರ್ ಮೆಡಿಕಲ್ ಕಾಲೇಜು. ಸಾಮಾನ್ಯ ಆಸ್ಪತ್ರೆಯಲ್ಲಿ ಹೀಗೊಂದು ವಿಭಾಗ ಭಾರತದಲ್ಲಿ ಅದೇ ಮೊದಲು. ಇದರ ಬೆಲೆ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಸ್ಥಿತಿ ನೆನೆಯಬೇಕು. ಆಗ ಮನಸ್ಸು ಕೆಟ್ಟವರಿಗೆ ಇದ್ದದ್ದು ಎತ್ತರದ ಗೋಡೆಯ ಹುಚ್ಚಾಸ್ಪತ್ರೆ. ಒಳಗೆ ಹೋದವರ ಹೆಸರನ್ನು ಮನೆಯವರೇ ಮರೆಯುತ್ತಿದ್ದರು. ಕೆಮ್ಮು ಜ್ವರದವರು ನಿಲ್ಲುವ ಸಾಲಿನಲ್ಲೇ ನಿಂತು, ನನಗೆ ನಿದ್ದೆ ಬರುತ್ತಿಲ್ಲ, ಹೆದರಿಕೆಯಾಗುತ್ತದೆ ಎಂದು ಹೇಳಿ ಸಂಜೆ ಮನೆಗೆ ಹೋಗುವ ಅನುಕೂಲ ದೊಡ್ಡದು. 1940ರಲ್ಲಿ ಅಣ್ಣ ರಾಜಶೇಖರರ ನೆರವಿನಿಂದ ಲುಂಬಿನಿ ಪಾರ್ಕ್ ಎಂಬ ಮಾನಸಿಕ ಆಸ್ಪತ್ರೆಯನ್ನು ಸಂಘವೇ ಆರಂಭಿಸಿತು. ಮೊದಲಿಗೆ ಹಾಸಿಗೆಗಳು ಬರೀ ಮೂರು.

ಈ ಆಸ್ಪತ್ರೆಗೆ 1942ರಲ್ಲಿ ಬಂದ ಒಬ್ಬ ರೋಗಿ ಬಂಗಾಳದ ಕವಿ ಕಾಜಿ ನಜ್ರುಲ್ ಇಸ್ಲಾಂ. ಬ್ರಿಟಿಷರ ವಿರುದ್ಧ ಬರೆದು ಜೈಲಿಗೆ ಹೋಗಿದ್ದ, ಸಾವಿರಾರು ಹಾಡು ಕಟ್ಟಿದ್ದ ಕವಿ 43ನೇ ವಯಸ್ಸಿನಲ್ಲಿ ಮಾತು ಕಳೆದುಕೊಂಡರು. ಕೆಲವು ತಿಂಗಳು ಬೋಸರ ಚಿಕಿತ್ಸೆ ನಡೆಯಿತು. ಗುಣ ಕಾಣಲಿಲ್ಲ. ಮಾತಿನಿಂದ ಗುಣಪಡಿಸುವ ವೈದ್ಯರ ಮುಂದೆ ಮಾತೇ ಬಾರದ ಕವಿ ಕೂತ ಆ ದಿನಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1953ರ ಕೊನೆಗೆ ವಿಯೆನ್ನಾದ ವೈದ್ಯರು ಪರೀಕ್ಷಿಸಿ, ಇದು ಮಿದುಳೇ ಸವೆಯುವ ರೋಗ, ವಾಸಿಯಾಗುವಂಥದ್ದಲ್ಲ ಎಂದು ಹೇಳಿದರು. ಆ ಹೊತ್ತಿಗೆ ಬೋಸರು ಬದುಕಿರಲಿಲ್ಲ. ಮನೋವಿಶ್ಲೇಷಣೆಯ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಮನಸ್ಸಿನ ಎಲ್ಲಾ ಸಂಕಟಕ್ಕೂ ಬಾಲ್ಯದ ಬಯಕೆಯೇ ಕಾರಣವಲ್ಲ. ಮಿದುಳಿನ ರೋಗಕ್ಕೆ ಮಿದುಳಿನ ವೈದ್ಯರೇ ಬೇಕು. ಇಂದು ಔಷಧ ಒಂದು ಕೈ, ಮಾತು ಇನ್ನೊಂದು ಕೈ ಎಂಬಂತೆ ಚಿಕಿತ್ಸೆ ನಡೆಯುತ್ತದೆ. ಫ್ರಾಯ್ಡರ ಹಲವು ನಿರ್ಣಯಗಳನ್ನು ಈಗಿನ ಮನಶ್ಶಾಸ್ತ್ರ ಒಪ್ಪುವುದಿಲ್ಲ. ಉಳಿದುಕೊಂಡದ್ದು, ನೊಂದವರ ಮಾತನ್ನು ತೀರ್ಪು ಕೊಡದೆ ಕೇಳುವುದೂ ಚಿಕಿತ್ಸೆಯ ಭಾಗ ಎಂಬ ತಿಳಿವಳಿಕೆ.

ಕಲ್ಕತ್ತಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಬೋಸರು ಹಲವು ವರ್ಷ ನಡೆಸಿದರು. ಕನಸಿನ ಬಗ್ಗೆ ಬಂಗಾಳಿಯಲ್ಲೇ ಸ್ವಪ್ನ ಎಂಬ ಪುಸ್ತಕ ಬರೆದರು. ಪುರಾಣಗಳ ಕಾಲನಿರ್ಣಯಕ್ಕೆ ಪುರಾಣ ಪ್ರವೇಶ ಬರೆದರು, ಭಗವದ್ಗೀತೆಗೆ ವ್ಯಾಖ್ಯಾನ ಬರೆದರು, ಪತಂಜಲಿಯ ಯೋಗಸೂತ್ರ ಓದಿದರು. ಮಕ್ಕಳಿಗಾಗಿ ಕೆಂಪಿರುವೆ ಕಪ್ಪಿರುವೆಗಳ ಯುದ್ಧದ ಕತೆಯನ್ನೂ ಬರೆದರು. 1947ರಲ್ಲಿ ಸಂಘದಿಂದ ಸಮೀಕ್ಷಾ ಎಂಬ ನಿಯತಕಾಲಿಕೆ ಹೊರಟಿತು. ಮೊದಲ ದಿನದಿಂದ ಸಂಘಕ್ಕೆ ಅವರೇ ಅಧ್ಯಕ್ಷರು. 1953ರ ಜೂನ್ 3ರಂದು ತೀರಿಕೊಳ್ಳುವವರೆಗೂ ಅವರೇ. ಇದರಲ್ಲಿ ಒಂದು ಕುಂದೂ ಇದೆ. ಮೂವತ್ತೊಂದು ವರ್ಷ ಒಬ್ಬರೇ ತಂದೆಯಂತೆ ಕೂತಿದ್ದ ಮನೆಯಲ್ಲಿ, ತಂದೆಯನ್ನು ಎದುರಿಸಿ ಬೆಳೆಯಬೇಕೆಂದು ಅವರೇ ಹೇಳಿದ ಮಾತನ್ನು ಶಿಷ್ಯರು ಎಷ್ಟರಮಟ್ಟಿಗೆ ನಡೆಸಿಯಾರು? ಅವರ ಸಿದ್ಧಾಂತ ಬಂಗಾಳದ ಹೊರಗೆ ಹೆಚ್ಚು ಹಬ್ಬದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ನಮ್ಮ ಕನ್ನಡನಾಡಿನಲ್ಲಿ ಈ ಕೆಲಸ ಬೇರೆ ದಾರಿ ಹಿಡಿಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತೆಯ ನಂತರ ದೇಶದಲ್ಲಿ ಅದೇ ಎರಡನೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರನ್ನು 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಆರಂಭಿಸಿದವರೆಂದು ನಾವು ನೆನೆಯುತ್ತೇವೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಈಗ 14416ಕ್ಕೆ ಫೋನ್ ಮಾಡಿದರೆ ಮನಸ್ಸಿನ ತೊಂದರೆಯನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು. ಆದರೂ ನಮ್ಮ ಮನೆಗಳಲ್ಲಿ ಮಗ ನಾಲ್ಕು ದಿನ ಮಾತಾಡದೆ ಮೂಲೆ ಹಿಡಿದರೆ, ಮಂತ್ರ ಹಾಕಿಸೋಣ, ಲಗ್ನ ಮಾಡೋಣ, ಯಾರಿಗೂ ಹೇಳಬ್ಯಾಡ್ರಿ ಎಂಬ ಮಾತೇ ಮೊದಲು. ಏನಾಯ್ತಪ್ಪ ಅಂತ ಪಕ್ಕದಲ್ಲಿ ಕೂತು ಕೇಳುವುದು ಆಮೇಲೆ.

ಬೋಸರ ಬದುಕಿನಿಂದ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸಿಗುವುದೂ ಇದೇ. ಅವರು ಫ್ರಾಯ್ಡರನ್ನು ತಳ್ಳಿಹಾಕಲಿಲ್ಲ, ತಲೆಯ ಮೇಲೆ ಹೊತ್ತು ಕುಣಿಯಲೂ ಇಲ್ಲ. ಪುಸ್ತಕವನ್ನು ಒಂದು ತಟ್ಟೆಯಲ್ಲಿ, ಎದುರಿಗೆ ಕೂತವನ ಮಾತನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೋ ನೋಡಿದರು. ನಾವು ಒಂದು ಕಾದಂಬರಿಯ ಪಾತ್ರಕ್ಕೆ ಗ್ರಂಥಿಯ ಹೆಸರು ಅಂಟಿಸುವ ಮೊದಲು ಆ ಪಾತ್ರ ಏನು ಹೇಳುತ್ತಿದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ಎರಡು ಸಲ ಓದಬೇಕು. ಹಾಸ್ಟೆಲಿನ ಪಕ್ಕದ ಕೋಣೆಯ ಗೆಳೆಯ ಊಟ ಬಿಟ್ಟು ಮಲಗಿದ್ದರೆ, ಇವನಿಗೆ ಇಂಥಾದ್ದೇ ಆಗಿದೆ ಅಂತ ತೀರ್ಮಾನಿಸುವ ಮೊದಲು ಬಾಗಿಲು ತಟ್ಟಿ, ಒಳಗೆ ಹೋಗಿ, ಸ್ವಲ್ಪ ಹೊತ್ತು ಅವನ ಮಾತು ಕೇಳಬೇಕು.